ಕೆಳಗಿನ ಸೆಟ್ಟು ಯಾಕೆ ನಿಲ್ಲುವುದಿಲ್ಲ?

ಹಲ್ಲು ಸೆಟ್ ಕಟ್ಟಿಸಿಕೊಂಡ ಹಿರಿಯರನ್ನು ಮಾತಿಗೆಳೆದು ನೋಡಿ, ದೂರು ಹೆಚ್ಚೂಕಡಿಮೆ ಒಂದೇ. “ಮೇಲಿಂದು ಪರವಾಗಿಲ್ಲ, ಕೆಳಗಿಂದು ಮಾತ್ರ ನಿಲ್ಲೋದೇ ಇಲ್ಲ. ಬಾಯಿ ತೆಗೆದ್ರೆ ಎದ್ದು ಬರುತ್ತೆ.” ಈ ಮಾತು ಕೇಳದ ದಂತವೈದ್ಯರು ಇರಲಾರರು. ಹೇಳುವವರ ಮನಸ್ಸಿನಲ್ಲಿ ಒಂದು ಗುಮಾನಿಯೂ ಇರುತ್ತದೆ: ಡಾಕ್ಟರು ಅಳತೆ ಸರಿಯಾಗಿ ತೆಗೆದಿಲ್ಲ, ದುಡ್ಡು ದಂಡವಾಯಿತು ಎಂದು. ಒಮ್ಮೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೇ ಪಳಗಿದ ಕೈ ಮಾಡಿದರೂ ಕೆಳಗಿನ ಸೆಟ್ಟು ಮೇಲಿನದರಷ್ಟು ಬಿಗಿಯಾಗಿ ಕೂರುವುದಿಲ್ಲ. ಹಾಗೇಕೆ ಎಂಬುದನ್ನು ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಿದ್ದರೆ, ಎಷ್ಟೋ ಸೆಟ್ಟುಗಳು ಬೀರುವಿನೊಳಗಿನ ಡಬ್ಬಿ ಸೇರದೆ ಬಾಯಲ್ಲೇ ಉಳಿಯುತ್ತಿದ್ದವು.

ಸ್ವಂತ ಹಲ್ಲಿನಿಂದ ಶುರುಮಾಡೋಣ. ಹಲ್ಲು ದವಡೆ ಮೂಳೆಗೆ ಅಂಟಿಕೊಂಡಿದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ಸಂದು ಇದೆ. ಆ ಸಂದಿನ ತುಂಬ ಕೊಲಾಜೆನ್ ನಾರುಗಳು, ರಕ್ತನಾಳಗಳು, ನರಗಳ ತುದಿಗಳು. ಹಲ್ಲು ಈ ನಾರುಗಳಿಂದ ತೂಗುಬಿದ್ದಿದೆ. ನಾವು ಕಚ್ಚಿದಾಗ ಹಲ್ಲೇನೋ ಒಳಕ್ಕೆ ಒತ್ತುತ್ತದೆ, ಆದರೆ ನಾರುಗಳು ಬಿಗಿದುಕೊಂಡು ಸುತ್ತಲಿನ ಮೂಳೆಯನ್ನು ಎಳೆಯುತ್ತವೆ. ಎಳೆತ ಇರುವಷ್ಟು ದಿನ ಆ ಮೂಳೆ ಗಟ್ಟಿಯಾಗಿರುತ್ತದೆ. ಇನ್ನು ಆ ನರತುದಿಗಳ ಚುರುಕುತನ ನಮಗೆಲ್ಲ ಗೊತ್ತಿರುವುದೇ. ಅನ್ನದಲ್ಲಿ ಸಾಸಿವೆಗಿಂತ ಸಣ್ಣ ಮರಳಿನ ಕಣ ಸಿಕ್ಕರೂ ಅಗಿಯುವುದು ತಟ್ಟನೆ ನಿಲ್ಲುತ್ತದೆ. ಒಂದು ಮಿಲಿಮೀಟರನ್ನು ಐವತ್ತು ಭಾಗ ಮಾಡಿದರೆ ಸಿಗುವಷ್ಟು ತೆಳುವಾದ ಹಾಳೆಯನ್ನು ಎರಡು ಹಲ್ಲುಗಳ ನಡುವೆ ಇಟ್ಟರೂ ಅವು ಗುರುತಿಸಬಲ್ಲವು.

ಹಲ್ಲು ಕಿತ್ತ ದಿನ ಹಲ್ಲಿನ ಜೊತೆ ಈ ಇಡೀ ವ್ಯವಸ್ಥೆಯೂ ಹೋಗುತ್ತದೆ. ಒಂದು ದವಡೆಯ ಹಲ್ಲುಗಳ ಸುತ್ತಲಿನ ನಾರುಹಾಸನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 45 ಚದರ ಸೆಂಟಿಮೀಟರ್ ಆಗುತ್ತದೆ. ಬೊಚ್ಚು ಬಾಯಲ್ಲಿ ಸೆಟ್ಟಿಗೆ ಕೂರಲು ಸಿಗುವ ಜಾಗವಾದರೋ ಮೇಲ್ದವಡೆಯಲ್ಲಿ ಸುಮಾರು 23, ಕೆಳದವಡೆಯಲ್ಲಿ ಬರೀ 12 ಚದರ ಸೆಂಟಿಮೀಟರ್. ಅದೂ ಎಂಥ ಜಾಗ? ಅಗಿಯುವ ಭಾರ ಹೊರಲೆಂದು ಎಂದೂ ಹುಟ್ಟದ ಮೆತ್ತನೆಯ ವಸಡು. ಸೆಟ್ಟು ಹಾಕಿಕೊಂಡವರ ಕಚ್ಚುವ ಬಲ ಸ್ವಂತ ಹಲ್ಲಿನವರ ನಾಲ್ಕನೇ ಒಂದು, ಐದನೇ ಒಂದು ಪಾಲಿಗೆ ಇಳಿಯುವುದು ಇದಕ್ಕೇ. ಕೆಳಗಿನ ಸೆಟ್ಟಿನ ಕಷ್ಟದ ಒಂದು ಪಾಲು ಈ 12 ಎಂಬ ಅಂಕಿಯಲ್ಲೇ ಅಡಗಿದೆ.

ಹಾಗಾದರೆ ಮೇಲಿನದು ಬೀಳದೆ ನಿಲ್ಲುವುದು ಹೇಗೆ? ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ನೀರು ಹನಿದ ಕಡೆ ಮಟ್ಟಸ ತಳದ ಸ್ಟೀಲ್ ತಟ್ಟೆ ಇಟ್ಟು ಎತ್ತಿದರೆ ಅದು ಹಿಡಿದುಕೊಳ್ಳುವುದನ್ನು ನೋಡಿರುತ್ತೀರಿ. ನೀರಿನ ಪದರ ತೆಳುವಾದಷ್ಟೂ ಹಿಡಿತ ಹೆಚ್ಚು. ಬಾಯಲ್ಲಿ ಆ ಪದರ ಎಂಜಲಿನದು. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚುತ್ತದೆ. ಅದರ ಅಂಚು ತುಟಿ, ಕೆನ್ನೆಗಳ ಒಳಮಡಿಕೆಗೆ ಸರಿಯಾಗಿ ಒತ್ತಿಕೊಂಡು, ಹಿಂಬದಿಯಲ್ಲಿ ಅಂಗುಳದ ಮೆತ್ತನೆಯ ಭಾಗಕ್ಕೆ ಕೊಂಚ ಕಚ್ಚಿ ಕೂತರೆ ಒಳಗೆ ಗಾಳಿ ನುಗ್ಗಲು ದಾರಿಯಿರದು. ಆಗ ಎಂಜಲಿನ ಅಂಟು, ಮೇಲ್ಮೈ ಎಳೆತ, ಹೊರಗಿನ ಗಾಳಿಯ ಒತ್ತಡ ಮೂರೂ ಸೇರಿ ಸೆಟ್ಟನ್ನು ಮೇಲಕ್ಕೆ ಹಿಡಿದಿಡುತ್ತವೆ.

ಇಷ್ಟು ಸರಳ ಸಂಗತಿ ದಂತವೈದ್ಯರಿಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಹದಿನೆಂಟನೆಯ ಶತಮಾನದಲ್ಲಿ ಮೇಲಿನ ಸೆಟ್ಟು ಬೀಳದಿರಲೆಂದು ಎರಡರ ನಡುವೆ ಸ್ಪ್ರಿಂಗ್ ಹಾಕುತ್ತಿದ್ದರು. ಅದು ಸದಾ ಬಾಯಿ ತೆರೆಸಲು ನೋಡುವುದು, ಹಾಕಿಕೊಂಡವರು ಸದಾ ಬಾಯಿ ಬಿಗಿಹಿಡಿದಿರುವುದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹಾಕುತ್ತಿದ್ದುದು ಇಂಥ ಸೆಟ್ಟುಗಳನ್ನೇ. ಅವರದು ಮರದ ಹಲ್ಲು ಎಂಬುದು ಕಟ್ಟುಕತೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ ಸೇರಿಸಿ ಮಾಡಿದವು ಅವು. 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಒಂದು ಸ್ವಂತ ಹಲ್ಲು, ಅದೂ ಕೆಳದವಡೆಯಲ್ಲಿ. ಅವರ ದಂತವೈದ್ಯ ಜಾನ್ ಗ್ರೀನ್‌ವುಡ್ ಅದನ್ನು ಕೀಳಲಿಲ್ಲ. ಕೆಳಗಿನ ಸೆಟ್ಟಿನಲ್ಲಿ ತೂತು ಕೊರೆದು ಆ ಹಲ್ಲನ್ನೇ ಗೂಟ ಮಾಡಿಕೊಂಡ. ಆ ತೂತಿನ ಜಾಣತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಳಗಿನ ಸೆಟ್ಟಿಗೆ ಅಂಗುಳದ ಆಸರೆ ಇಲ್ಲ. ನಡುವೆ ನಾಲಿಗೆ ಇರುವುದರಿಂದ ಅದನ್ನು ಕುದುರೆ ಲಾಳದ ಆಕಾರದಲ್ಲೇ ಮಾಡಬೇಕು. ಅಂಚು ಉದ್ದ, ಮೈ ಕಿರಿದು, ಎಲ್ಲೋ ಒಂದು ಕಡೆ ಗಾಳಿ ನುಗ್ಗಿಯೇ ನುಗ್ಗುತ್ತದೆ. ಸಾಲದ್ದಕ್ಕೆ ನಾಲಿಗೆ ಒಳಗಿನಿಂದ ನೂಕುತ್ತದೆ, ಕೆನ್ನೆ ಮತ್ತು ಕೆಳತುಟಿ ಹೊರಗಿನಿಂದ ಒತ್ತುತ್ತವೆ, ನುಂಗುವಾಗಲೆಲ್ಲ ಬಾಯಿಯ ತಳ ಮೇಲೇಳುತ್ತದೆ. ಹೀಗಾಗಿ ಕೆಳಗಿನ ಸೆಟ್ಟನ್ನು ಹಿಡಿದಿಡುವುದು ಹೀರಿಕೆಯಲ್ಲ, ಸ್ನಾಯುಗಳ ಹೊಂದಾಣಿಕೆ. ಪಳಗಿದ ನಾಲಿಗೆ ಬಾಯಿ ತೆರೆದಾಗ ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆ ಹಾಯಾಗಿ ಒರಗಿ ಸೆಟ್ಟನ್ನು ಅದುಮಿಕೊಂಡಿರುತ್ತದೆ. ಪಳಗದ ನಾಲಿಗೆ ಹಿಂದಕ್ಕೆ ಸರಿದ ಕೂಡಲೇ ಸೆಟ್ಟು ಎದ್ದು ಬರುತ್ತದೆ. ಹಲ್ಲೆಲ್ಲ ಹೋಗಿ ವರ್ಷಗಟ್ಟಲೆ ಹಾಗೇ ಇದ್ದವರಿಗೆ ಇನ್ನೊಂದು ತೊಡಕು. ಖಾಲಿ ಜಾಗದಲ್ಲಿ ನಾಲಿಗೆ ಕೈಕಾಲು ಚಾಚಿಕೊಂಡು ಅಗಲವಾಗಿರುತ್ತದೆ, ಹೊಸದಾಗಿ ಬಂದ ಸೆಟ್ಟಿಗೆ ಜಾಗ ಬಿಡಲು ಒಪ್ಪುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣದೆ ಕೆಲಸ ಮಾಡುತ್ತಿರುತ್ತದೆ. ಹಲ್ಲಿನ ಬೇರುಗಳನ್ನು ಹಿಡಿದಿದ್ದ ಮೂಳೆ ಇದ್ದುದೇ ಹಲ್ಲಿಗಾಗಿ. ಹಲ್ಲು ಹೋದ ಮೇಲೆ ಎಳೆತ ಇಲ್ಲ, ಸೆಟ್ಟಿನ ಒತ್ತುವಿಕೆ ಮಾತ್ರ. ದೇಹ ಆ ಮೂಳೆಯನ್ನು ಕರಗಿಸಿಕೊಳ್ಳತೊಡಗುತ್ತದೆ. ಮೊದಲ ಆರು ತಿಂಗಳು, ಒಂದು ವರ್ಷ ಈ ಕರಗುವಿಕೆ ಜೋರು. ಆಮೇಲೆ ನಿಧಾನವಾದರೂ ಜೀವ ಇರುವತನಕ ನಿಲ್ಲುವುದಿಲ್ಲ. ಆಂತ್ಯೆ ತಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ತಿ ಸೆಟ್ ಹಾಕಿಕೊಂಡವರ ದವಡೆಗಳ ಎಕ್ಸ್-ರೇ ತೆಗೆಯುತ್ತ 25 ವರ್ಷಗಳ ಲೆಕ್ಕ ಇಟ್ಟರು. 1972ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಈಗಲೂ ಪಠ್ಯಪುಸ್ತಕಗಳಲ್ಲಿದೆ: ಕೆಳದವಡೆಯ ಮೂಳೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ಅಂದರೆ ಹಿಡಿತ ಎಲ್ಲಿ ಮೊದಲೇ ಕಮ್ಮಿಯೋ ಅಲ್ಲೇ ನೆಲವೂ ಬೇಗ ಕುಸಿಯುತ್ತದೆ. ನನಗೆ ಇದು ಪ್ರಕೃತಿಯ ಅನ್ಯಾಯ ಎಂದೇ ಅನ್ನಿಸುತ್ತದೆ.

ಮೂಳೆ ಸವೆದಂತೆ ದವಡೆಗಳು ಮೊದಲಿಗಿಂತ ಹೆಚ್ಚು ಹತ್ತಿರ ಬರುತ್ತವೆ. ಗಲ್ಲ ಮುಂದಕ್ಕೆ ಬಂದು ಮೂಗಿನತ್ತ ಏರುತ್ತದೆ, ತುಟಿ ಒಳಸೇರುತ್ತದೆ, ಬಾಯಿಯ ಮೂಲೆಗಳಲ್ಲಿ ಮಡಿಕೆ ಬಿದ್ದು ಅಲ್ಲಿ ಎಂಜಲು ನಿಂತು ಹುಣ್ಣಾಗುತ್ತದೆ. ಕೆಳತುಟಿಗೆ ಹೋಗುವ ನರ ಮೂಳೆಯಿಂದ ಹೊರಬರುವ ತೂತು ಮೊದಲು ದವಡೆಯ ಪಕ್ಕದಲ್ಲಿ ಇರುತ್ತದೆ. ಮೂಳೆ ತೀರಾ ತಗ್ಗಿದರೆ ಅದು ಹೆಚ್ಚೂಕಡಿಮೆ ದವಡೆಯ ನೆತ್ತಿಗೇ ಬಂದುಬಿಡುತ್ತದೆ. ಅಂಥವರು ಗಟ್ಟಿ ತುತ್ತು ಅಗಿದಾಗ ಕರೆಂಟು ಹೊಡೆದ ಹಾಗೆ ಆಗುತ್ತದೆ ಎನ್ನುವುದು ನಾಟಕವಲ್ಲ. ಸೆಟ್ಟು ನೇರವಾಗಿ ನರದ ಮೇಲೆ ಕೂತಿರುತ್ತದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ. ಹೆದರಬೇಕಾದ್ದು ಮೂಳೆಗೆ, ಅದರ ಬಗ್ಗೆ ಮಾತ್ರ ಯಾರಿಗೂ ಹೆದರಿಕೆಯಿಲ್ಲ. “ಇನ್ನು ಎರಡು ಹಲ್ಲು ಇಟ್ಟುಕೊಂಡು ಏನು ಮಾಡಲಿ, ಎಲ್ಲ ಕಿತ್ತು ಒಂದೇ ಸಲಕ್ಕೆ ಸೆಟ್ಟು ಕೊಟ್ಟುಬಿಡಿ” ಎಂದು ಕೇಳಿಕೊಂಡು ಬರುವ ಹಿರಿಯರೇ ಹೆಚ್ಚು. ಇಲ್ಲಿ ವಾಷಿಂಗ್ಟನ್ನರ ಒಂಟಿ ಹಲ್ಲು ನೆನಪಾಗಬೇಕು. ಕೆಳಗಿನ ಎರಡು ಕೋರೆಹಲ್ಲುಗಳ ಬೇರು ಗಟ್ಟಿಯಿದ್ದರೆ, ಅವುಗಳಿಗೆ ಬೇರುನಾಳದ ಚಿಕಿತ್ಸೆ ಮಾಡಿ, ವಸಡಿನ ಮಟ್ಟಕ್ಕೆ ಕತ್ತರಿಸಿ ಗುಂಡಗೆ ಮಾಡಿ, ಅವುಗಳ ಮೇಲೆ ಸೆಟ್ಟು ಕೂರಿಸಬಹುದು. 1978ರಲ್ಲಿ ಪ್ರಕಟವಾದ ಕ್ರಮ್ ಮತ್ತು ರೂನಿ ಅವರ ಐದು ವರ್ಷಗಳ ಅಧ್ಯಯನದಲ್ಲಿ, ಹೀಗೆ ಕೋರೆ ಬೇರುಗಳನ್ನು ಉಳಿಸಿಕೊಂಡವರ ಕೆಳದವಡೆಯ ಮುಂಭಾಗದ ಮೂಳೆ ಸರಾಸರಿ 0.6 ಮಿಲಿಮೀಟರ್ ಸವೆದಿತ್ತು. ಎಲ್ಲ ಹಲ್ಲು ಕೀಳಿಸಿಕೊಂಡವರಲ್ಲಿ 5.2 ಮಿಲಿಮೀಟರ್. ಬೇರು ಉಳಿದರೆ ಅದರ ಸುತ್ತಲ ನಾರು ಉಳಿಯುತ್ತದೆ, ನಾರಿನ ಜೊತೆ ಸ್ಪರ್ಶಜ್ಞಾನವೂ ಉಳಿಯುತ್ತದೆ. ಹಾಗೆಂದು ಅಲುಗಾಡುವ, ಕೀವು ತುಂಬಿದ ಹಲ್ಲನ್ನು ಭಾವುಕತೆಯಿಂದ ಇಟ್ಟುಕೊಳ್ಳಿ ಎಂದಲ್ಲ. ಉಳಿಯಬಲ್ಲ ಹಲ್ಲೇ ಎಂದು ಕೇಳದೆ ಕೀಳಿಸಬೇಡಿ, ಅಷ್ಟೇ.

ಅಳತೆ ತೆಗೆಯುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲ ದಿನ ತೆಗೆದ ಒರಟು ಅಚ್ಚಿನಿಂದ ಆ ಬಾಯಿಗೇ ಹೊಂದುವ ಒಂದು ಟ್ರೇ ಮಾಡಿಟ್ಟಿರುತ್ತಾರೆ. ಎರಡನೆಯ ಸಲ ಅದರ ಅಂಚಿಗೆ ಹಸಿರು ಬಣ್ಣದ ಮೇಣದಂಥ ಕಡ್ಡಿಯನ್ನು ದೀಪದಲ್ಲಿ ಕರಗಿಸಿ ಹಚ್ಚುತ್ತಾರೆ. ಬಿಸಿನೀರಿಗೆ ಅದ್ದಿ ಬಾಯೊಳಗಿಟ್ಟು, “ತುಟಿ ಮುಂದಕ್ಕೆ ಚಾಚಿ ಅಜ್ಜಿ, ನಾಲಿಗೆ ಆಚೀಚೆ ಆಡಿಸಿ, ಎಂಜಲು ನುಂಗಿ” ಎಂದು ಒಂದೊಂದೇ ಮೂಲೆಯನ್ನು ತಿದ್ದುತ್ತಾರೆ. ತುಟಿ, ಕೆನ್ನೆ, ನಾಲಿಗೆ ಎಲ್ಲಿಯವರೆಗೆ ಚಲಿಸುತ್ತವೋ ಆ ಗಡಿಯನ್ನು ಅವೇ ಆ ಮೇಣದಲ್ಲಿ ಬರೆದುಕೊಡುತ್ತವೆ. ಕೊನೆಗೆ ಲವಂಗದ ಎಣ್ಣೆಯ ಘಾಟು ಬರುವ ಪೇಸ್ಟಿನಲ್ಲಿ ವಸಡಿನ ಪಡಿಯಚ್ಚು. ಮುಂದಿನ ಭೇಟಿಯಲ್ಲಿ ಮೇಣದ ದಿಮ್ಮಿ ಕಚ್ಚಿಸಿ ದವಡೆಗಳ ಸಂಬಂಧ ಗೊತ್ತುಮಾಡುವುದು. ಹಲ್ಲಿಲ್ಲದ ಬಾಯಿ ಎಲ್ಲೆಂದರಲ್ಲಿ ಮುಚ್ಚಿಕೊಳ್ಳುವುದರಿಂದ ಇದು ಎಲ್ಲಕ್ಕಿಂತ ಕಷ್ಟದ ಹಂತ. ನಾಲಿಗೆಯ ತುದಿಯನ್ನು ಅಂಗುಳದ ಹಿಂಭಾಗಕ್ಕೆ ಮುಟ್ಟಿಸಿ ಬಾಯಿ ಮುಚ್ಚಲು ಹೇಳಿದರೆ ದವಡೆ ತಾನಾಗಿ ಸರಿಯಾದ ಜಾಗಕ್ಕೆ ಹಿಂದೆ ಸರಿಯುತ್ತದೆ ಎಂಬುದು ಹಳೆಯ ಉಪಾಯ. ಆಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುತ್ತಾರೆ. ಹಲ್ಲಿನ ಬಣ್ಣ, ಗಾತ್ರ, ನಗು ಹಿಡಿಸದಿದ್ದರೆ ಹೇಳಬೇಕಾದ್ದು ಆಗಲೇ. ಮೇಣ ಹೋಗಿ ಅಕ್ರಿಲಿಕ್ ಬಂದ ಮೇಲೆ ಸಂಕೋಚ ಬಿಟ್ಟು ಪ್ರಯೋಜನವಿಲ್ಲ.

ಈ ಅಕ್ರಿಲಿಕ್ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚೆ ಗಂಧಕ ಬೆರೆಸಿ ಬೇಯಿಸಿದ ರಬ್ಬರು, ವಲ್ಕನೈಟ್. ಅದರ ಪೇಟೆಂಟ್ ಹಿಡಿದಿದ್ದ ಅಮೆರಿಕದ ಕಂಪನಿ ಒಬ್ಬೊಬ್ಬ ದಂತವೈದ್ಯನಿಂದಲೂ ರಾಯಧನ ವಸೂಲಿ ಮಾಡುತ್ತಿತ್ತು. ಕೋರ್ಟು ಕಚೇರಿ ಅಲೆದು ರೋಸಿಹೋದ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪನಿಯ ಖಜಾಂಚಿಯನ್ನು ಗುಂಡಿಟ್ಟು ಕೊಂದ. ಬೊಚ್ಚು ಬಾಯಿಯ ವ್ಯಾಪಾರದಲ್ಲಿ ಕೊಲೆಯೂ ನಡೆದಿದೆ ಎಂದರೆ ನಂಬಲೇಬೇಕು.

ಸೆಟ್ಟು ಕೈಗೆ ಬಂದ ಮೊದಲ ವಾರ ಬಾಯಿ ತುಂಬ ಎಂಜಲು. ಹೊಸ ವಸ್ತುವನ್ನು ಮಿದುಳು ಆಹಾರವೆಂದೇ ತಿಳಿಯುತ್ತದೆ, ಗ್ರಂಥಿಗಳಿಗೆ ಹಾಗೆಯೇ ಆಜ್ಞೆ ಹೊರಡಿಸುತ್ತದೆ. ಕೆಲವು ದಿನಗಳಲ್ಲಿ ಇದು ಇಳಿಯುತ್ತದೆ. ಮಾತು ತೊದಲುತ್ತದೆ. ನಮ್ಮ ತ, ದ, ನ ಹುಟ್ಟುವುದು ನಾಲಿಗೆ ಮೇಲಿನ ಹಲ್ಲಿನ ಹಿಂಬದಿಗೆ ತಾಗಿದಾಗ. ಟ, ಡ, ಣ, ಳ ಹುಟ್ಟುವುದು ಅಂಗುಳಿಗೆ ತಾಗಿದಾಗ. ಅಲ್ಲೆಲ್ಲ ಈಗ ಒಂದೆರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕು. ‘ಸ’ ಅಂದರೆ ಸೀಟಿ ಬರುತ್ತದೆ. ದಿನಾ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಕೆಲವು ವಾರಗಳಲ್ಲಿ ನಾಲಿಗೆ ಹೊಸ ಅಳತೆಗಳನ್ನು ಕಲಿಯುತ್ತದೆ.

ಅಗಿಯುವುದನ್ನೂ ಹೊಸದಾಗಿ ಕಲಿಯಬೇಕು. ಜೀವಮಾನವೆಲ್ಲ ಒಂದೇ ಪಕ್ಕದಲ್ಲಿ ಅಗಿದವರು ಈಗ ತುತ್ತನ್ನು ಎರಡು ಪಾಲು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಇಲ್ಲವಾದರೆ ಒಂದು ಪಕ್ಕ ಒತ್ತಿ ಇನ್ನೊಂದು ಪಕ್ಕ ಏಳುತ್ತದೆ. ಮುಂದಿನ ಹಲ್ಲಿನಲ್ಲಿ ಸೀಬೆಹಣ್ಣು ಕಚ್ಚಲು ಹೋದರೆ ಸೆಟ್ಟಿನ ಹಿಂಭಾಗ ಎದ್ದು ಗಾಳಿ ನುಗ್ಗಿ ಕೆಳಗೆ ಬೀಳುತ್ತದೆ, ಅದರ ಬೀಜ ಒಳಗೆ ಸೇರಿದರಂತೂ ಪ್ರಾಣ ಹೋಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕೊಬ್ಬರಿ ಚೂರು, ಹುರಿಗಡಲೆ, ಕಡಲೆಕಾಯಿಬೀಜ ಎಲ್ಲ ಒಟ್ಟಿಗೇ ಇರುವುದರಿಂದ ಸೆಟ್ಟಿನವರ ಪಾಲಿಗೆ ಅದಕ್ಕಿಂತ ಕಠಿಣ ಪರೀಕ್ಷೆ ನಮ್ಮ ಊಟದಲ್ಲಿ ಇನ್ನೊಂದಿಲ್ಲ. ಈ ವಿಷಯದಲ್ಲಿ ದಕ್ಷಿಣ ಕರ್ನಾಟಕದವರು ಪುಣ್ಯವಂತರು. ರಾಗಿಮುದ್ದೆಯನ್ನು ಅಗಿಯುವ ಹಾಗೇ ಇಲ್ಲ, ಸಾರಲ್ಲಿ ಅದ್ದಿ ನುಂಗುವುದು. ಖಡಕ್ ರೊಟ್ಟಿಯ ಸೀಮೆಯ ಅಜ್ಜಂದಿರು ಅದನ್ನು ಮುರಿದು ಹಾಲಿನಲ್ಲೋ ಪಲ್ಯದ ರಸದಲ್ಲೋ ನೆನೆಸಿಕೊಳ್ಳುತ್ತಾರೆ.

ಹೀಗೆ ಮೆತ್ತಗಿನದನ್ನೇ ಹುಡುಕುತ್ತ ಹೋಗುವುದರಲ್ಲಿ ಒಂದು ಅಪಾಯವಿದೆ. ಮೊದಲು ತಟ್ಟೆಯಿಂದ ಮಾಯವಾಗುವುದು ಹಸಿ ತರಕಾರಿ, ಹಣ್ಣು, ಕಾಳು, ಮಾಂಸ. ಉಳಿಯುವುದು ಗಂಜಿ, ಅನ್ನ, ಹಾಲಿಗದ್ದಿದ ಬಿಸ್ಕತ್ತು. ಕಾಳನ್ನು ಬಿಡಬೇಕಿಲ್ಲ, ಮೆತ್ತಗೆ ಬೇಯಿಸಿ ಮಸೆಯಬಹುದು. ಕ್ಯಾರೆಟ್ಟು, ಸೌತೆಕಾಯಿಯನ್ನು ತುರಿದು ಕೋಸಂಬರಿ ಮಾಡಬಹುದು. ಎಲೆ ಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದ ನಮ್ಮ ಹಿಂದಿನ ಅಜ್ಜಿಯರಿಗೆ ಈ ತಂತ್ರ ಗೊತ್ತಿತ್ತು. ಕುಟ್ಟುತ್ತಿದ್ದ ವಸ್ತುವಿನ ಬಗ್ಗೆ ಮಾತ್ರ ನನ್ನ ತಕರಾರು: ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇನ್ನೊಂದು ಎಚ್ಚರಿಕೆ ಕಾಫಿಯದು. ಅಕ್ರಿಲಿಕ್ ಶಾಖವನ್ನು ಅಷ್ಟಾಗಿ ಸಾಗಿಸುವುದಿಲ್ಲ. ಅಂಗುಳಿಗೆ ಬಿಸಿ ತಿಳಿಯುವ ಮೊದಲೇ ಕುದಿಯುವ ಕಾಫಿ ಗಂಟಲಿಗೆ ಇಳಿದಿರುತ್ತದೆ.

ರಾತ್ರಿ ಸೆಟ್ಟು ತೆಗೆಯಬೇಕು. ನಾಚಿಕೆಯಿಂದಲೋ ಮರೆವಿನಿಂದಲೋ ಹಾಕಿಕೊಂಡೇ ಮಲಗುವವರು ಬಹಳ. ನಿದ್ದೆಯಲ್ಲಿ ಎಂಜಲು ಕಡಿಮೆ, ಸೆಟ್ಟಿನ ಕೆಳಗೆ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಬೆಚ್ಚಗಿನ ಮನೆ. ತೆಗೆದು ನೋಡಿದರೆ ಸೆಟ್ಟಿನ ಗಡಿಯುದ್ದಕ್ಕೂ ಗೀರು ಎಳೆದಂತೆ ಕೆಂಪಾದ ಅಂಗುಳ ಕಾಣುತ್ತದೆ. ನೋವಿಲ್ಲದ ಕಾರಣ ಯಾರೂ ಗಮನಿಸುವುದಿಲ್ಲ. ಜಪಾನಿನಲ್ಲಿ 85 ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿದಾಗ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಹೆಚ್ಚಿರುವುದು ಕಂಡಿತು. ಬಾಯಲ್ಲಿ ಬೆಳೆದದ್ದು ನಿದ್ದೆಯಲ್ಲಿ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಜಾರುತ್ತದೆ. ತೆಗೆದ ಸೆಟ್ಟನ್ನು ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಒಣಗಿದರೂ ಬಿಸಿನೀರಿಗೆ ಹಾಕಿದರೂ ಆಕಾರ ಕೆಡುತ್ತದೆ. ಉಜ್ಜಲು ಮೆತ್ತನೆಯ ಬ್ರಷ್ಷು, ಸಾಬೂನು ಸಾಕು. ಟೂತ್‌ಪೇಸ್ಟಿನ ಪುಡಿ ಅಕ್ರಿಲಿಕ್ಕನ್ನು ಗೀರುತ್ತದೆ, ಆ ಗೀರುಗಳಲ್ಲೇ ಮತ್ತೆ ಶಿಲೀಂಧ್ರ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ. ಜಾರುವುದು ಖಂಡಿತ, ಒಡೆಯಬಾರದಷ್ಟೇ.

ಕೆಳಗಿನ ಸೆಟ್ಟಿಗೆ ವಿಜ್ಞಾನ ಕೊಟ್ಟ ನಿಜವಾದ ಉತ್ತರ ಸ್ವೀಡನ್ನಿನಿಂದ ಬಂತು. ಅಲ್ಲಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಸಂಚಾರ ನೋಡಲೆಂದು ಟೈಟಾನಿಯಂನ ಪುಟ್ಟ ಉಪಕರಣ ಹೂತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಲೋಹವನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಗೆ ಅವರು ಟೈಟಾನಿಯಂ ಮೊಳೆಗಳನ್ನು ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಗಟ್ಟಿಯಾಗಿದ್ದವು. ಒಂದೊಂದು ಹಲ್ಲಿಗೂ ಇಂಥ ಒಂದೊಂದು ಮೊಳೆ, ಅಂದರೆ ಇಂಪ್ಲಾಂಟ್, ಬೇಕೆಂದೇನಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟುಗಳ ಮೇಲೆ ಗುಂಡಿಯಂತೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದರು. ನಮ್ಮಲ್ಲಿ ಅದರ ಖರ್ಚು ಎಲ್ಲರಿಗೂ ಎಟುಕುವಂಥದ್ದಲ್ಲ ಎಂಬುದು ಬೇರೆ ಮಾತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸಾಧಾರಣ ಸೆಟ್ಟನ್ನು ಉಚಿತವಾಗಿ ಕೊಡಲು ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆ ತಂದಿತು, ದಂತ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಬಗ್ಗೆ ವಿಚಾರಿಸಬಹುದು.

ಎಲ್ಲಕ್ಕಿಂತ ಅಗ್ಗದ ದಾರಿ ಹಲ್ಲನ್ನು ಉಳಿಸಿಕೊಳ್ಳುವುದು. ಜಪಾನಿನವರು 1989ರಲ್ಲಿ ‘8020’ ಎಂಬ ಆಂದೋಲನ ಶುರುಮಾಡಿದರು: 80ನೇ ವಯಸ್ಸಿಗೆ 20 ಸ್ವಂತ ಹಲ್ಲು. ಆಗ ಆ ಗುರಿ ಮುಟ್ಟಿದ್ದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯಲ್ಲಿ ಶೇಕಡಾ 51.2. ಮುಪ್ಪಿಗೂ ಹಲ್ಲು ಉದುರುವುದಕ್ಕೂ ನಾವು ಕಟ್ಟಿರುವ ಗಂಟು ಅಷ್ಟೇನೂ ಬಿಗಿಯಲ್ಲ ಎಂದಾಯಿತು. ಹಲ್ಲು ಕೀಳುವುದು ವಯಸ್ಸಲ್ಲ. ವಸಡಿನ ರೋಗ, ಹುಳುಕು, ಹೊಗೆಸೊಪ್ಪು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ.

ಮನೆಯಲ್ಲಿ ಸೆಟ್ಟನ್ನು ಡಬ್ಬಿಗೆ ಹಾಕಿಟ್ಟ ಹಿರಿಯರಿದ್ದರೆ ಅವರನ್ನು ಇನ್ನೊಮ್ಮೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಒತ್ತುವ ಜಾಗವನ್ನು ಬ್ಲೇಡಿನಲ್ಲೋ ಮರಳು ಕಾಗದದಲ್ಲೋ ಮನೆಯಲ್ಲೇ ಕೆರೆಯಲು ಬಿಡಬೇಡಿ. ಸಡಿಲವಾದದ್ದಕ್ಕೆ ಒಳಪದರ ಹಾಕಿ ಬಿಗಿ ಮಾಡಬಹುದು, ಚುಚ್ಚುವ ಅಂಚನ್ನು ಐದು ನಿಮಿಷದಲ್ಲಿ ಉಜ್ಜಿ ಕೊಡುತ್ತಾರೆ. ಹೋಗುವ ಹಿಂದಿನ ದಿನ, ನೋವಾದರೂ ಕೊಂಚ ಸಹಿಸಿ, ಕೆಲವು ಗಂಟೆ ಸೆಟ್ಟು ಹಾಕಿಕೊಂಡಿರಲು ಹೇಳಿ. ವಸಡಿನ ಮೇಲೆ ಕೆಂಪು ಗುರುತು ಮೂಡಿದ್ದರೆ ಮಾತ್ರ ಎಲ್ಲಿ ತಿದ್ದಬೇಕೆಂದು ಡಾಕ್ಟರಿಗೆ ಗೊತ್ತಾಗುತ್ತದೆ.